ಉಪ್ಪುನೀರಿನ ಅಕ್ವೇರಿಯಂಗೆ ಯಾವ ಹೊಯ್ಗೆ?

ಕಾರವಾರದ ಕೋಡಿಬಾಗದಿಂದ ಒಬ್ಬರು, ಶಿರಸಿಯಿಂದ ಇನ್ನೊಬ್ಬರು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ. ಕೋಡಿಬಾಗದವರಿಗೆ ಮನೆಯ ಅಂಗಳ ದಾಟಿದರೆ ಕಡಲು. ಅಲ್ಲಿ ರಾಶಿ ಬಿದ್ದಿರುವ ಹೊಯ್ಗೆಯನ್ನು ಬಿಟ್ಟು ಪರದೇಶದಿಂದ ಬಂದ ಚೀಲದ ಮರಳಿಗೆ ದುಡ್ಡು ಕೊಡಬೇಕೇ ಎಂಬುದು ಅವರ ಅನುಮಾನ. ಶಿರಸಿಯವರ ಕಷ್ಟ ಬೇರೆ. ಅವರಿಗೆ ಉಪ್ಪುನೀರೂ ಪುಡಿ ಕದಡಿಯೇ ಆಗಬೇಕು, ಮರಳೂ ಘಟ್ಟ ಹತ್ತಿಯೇ ಬರಬೇಕು. ಅಂಗಡಿಯವರು ಒಮ್ಮೆ ಅರಗೊನೈಟ್ ಎಂಬ ಸುಣ್ಣದ ಮರಳು ಎನ್ನುತ್ತಾರೆ, ಒಮ್ಮೆ ಬ್ಯಾಕ್ಟೀರಿಯಾ ಇರುವ ಒದ್ದೆ ಮರಳು, ಲೈವ್ ಸ್ಯಾಂಡ್ ಎನ್ನುತ್ತಾರೆ, ಮರಳೇ ಬೇಡ, ಬರಿಯ ಗಾಜಿನ ತಳವೇ ಸಾಕು ಎನ್ನುವ ಹವ್ಯಾಸಿಗಳೂ ಸಿಗುತ್ತಾರೆ. ತೂಕದ ಲೆಕ್ಕದಲ್ಲಿ ಸಾಗಣೆ ಖರ್ಚು ಕೊಡಬೇಕಾದವರು ಒಮ್ಮೆ ತರಿಸಿ, ಸರಿಹೋಗಲಿಲ್ಲವೆಂದು ಇನ್ನೊಮ್ಮೆ ತರಿಸಲು ಆಗುವುದಿಲ್ಲ.

ಇಬ್ಬರೂ ಕೇಳಿದ್ದು ಮರಳಿನ ಜಾತಿಯನ್ನು. ನನ್ನ ಅನುಭವದಲ್ಲಿ ಜಾತಿಯಿಂದ ಕೆಟ್ಟ ತೊಟ್ಟಿಗಳು ಕಡಿಮೆ, ಹರಳಿನ ಗಾತ್ರ ಮತ್ತು ಹಾಸಿನ ದಪ್ಪ ತಪ್ಪಿ ಕೆಟ್ಟವು ಹೆಚ್ಚು. ಆದ್ದರಿಂದ ಯಾವ ಮರಳು ಎಂಬುದಕ್ಕೆ ಮುಂಚೆ, ಮರಳಿನಿಂದ ನಮಗೆ ಆಗಬೇಕಾದ ಕೆಲಸವೇನು ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಅಳೆಯಬೇಕಾದದ್ದು

ಮೊದಲನೆಯ ಪ್ರಶ್ನೆ, ತೊಟ್ಟಿಯಲ್ಲಿ ಯಾರು ಇರುತ್ತಾರೆ ಎಂಬುದು. ಕ್ಲೌನ್ ಮೀನಿಗೆ, ಡ್ಯಾಮ್‌ಸೆಲ್‌ಗೆ ತಳದಲ್ಲಿ ಏನಿದ್ದರೂ ನಡೆಯುತ್ತದೆ. ಹಾಲಿಕೋರೆಸ್ ಗುಂಪಿನ ವ್ರಾಸ್ ಮೀನುಗಳಿಗೆ ಹಾಗಲ್ಲ, ಅವು ರಾತ್ರಿಯಾದೊಡನೆ ಮರಳಿನೊಳಗೆ ಹೂತುಕೊಂಡು ಮಲಗುತ್ತವೆ, ಹೆದರಿದಾಗಲೂ ತಲೆ ಮುಂದಾಗಿ ಅದರೊಳಕ್ಕೇ ನುಗ್ಗುತ್ತವೆ. ಡೈಮಂಡ್ ಗೋಬಿಯಂಥವು ಬಾಯಿ ತುಂಬ ಮರಳು ತೆಗೆದುಕೊಂಡು, ಅದರಲ್ಲಿರುವ ಸಣ್ಣ ಜೀವಿಗಳನ್ನು ಸೋಸಿ ನುಂಗಿ, ಉಳಿದುದನ್ನು ಕಿವಿರಿನ ಸಂದಿಯಿಂದ ಹೊರಗೆ ಸುರಿಯುತ್ತವೆ. ಇಂಥ ಮೀನಿಗೆ ಚೂಪು ಅಂಚಿನ ಹರಳು ಕೊಟ್ಟರೆ ಕಿವಿರೇ ಗಾಯವಾಗುತ್ತದೆ. ಪಿಸ್ತೂಲು ಸಿಗಡಿ ಸುರಂಗ ತೋಡುತ್ತದೆ, ಕಾವಲು ಗೋಬಿ ಅದರೊಡನೆ ಅಲ್ಲೇ ಬಾಳುತ್ತದೆ. ಬರಿಯ ನುಣ್ಣನೆಯ ಮರಳಿನಲ್ಲಿ ಆ ಸುರಂಗ ಕುಸಿಯುತ್ತದೆ, ನಡುನಡುವೆ ಚಿಪ್ಪಿನ ಚೂರು, ಸಣ್ಣ ಕಲ್ಲು ಇದ್ದರೆ ನಿಲ್ಲುತ್ತದೆ.

ಎರಡನೆಯದು ನೀರಿನ ಓಟ. ವೇವ್‌ಮೇಕರ್ (ನೀರನ್ನು ಅಲೆಯಂತೆ ತಳ್ಳುವ ಪಂಪು) ಬಲವಾಗಿ ಓಡುವ ತೊಟ್ಟಿಯಲ್ಲಿ ನುಣ್ಣನೆಯ ಮರಳು ನಿಲ್ಲುವುದಿಲ್ಲ. ಎರಡು ದಿನದಲ್ಲಿ ಒಂದು ಮೂಲೆಯಲ್ಲಿ ದಿಬ್ಬವೂ ಇನ್ನೊಂದು ಮೂಲೆಯಲ್ಲಿ ಬರಿಯ ಗಾಜೂ ಕಾಣಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಕಾಳಿ ನದಿಯ ಬಾಯಲ್ಲಿ ಮರಳು ಸ್ಥಳ ಬದಲಿಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಕೊಳೆ ತೆಗೆಯುವ ಕೆಲಸ. ಮೀನಿನ ಹೇಲು, ಮಿಕ್ಕ ಆಹಾರ, ಕಲ್ಲಿನಿಂದ ಉದುರುವ ಮಡ್ಡಿ ಎಲ್ಲವೂ ಕೊನೆಗೆ ತಳಕ್ಕೇ ಬರುತ್ತವೆ. ಅವು ಮರಳಿನ ಮೇಲೆಯೇ ಉಳಿದರೆ ಸೈಫನ್ ಪೈಪಿನಿಂದ ಎಳೆದುಬಿಡಬಹುದು, ಹರಳುಗಳ ನಡುವೆ ಇಳಿದುಹೋದರೆ ಅಲ್ಲೇ ಕೊಳೆತು ನೀರಿನಲ್ಲಿ ನೈಟ್ರೇಟು, ಫಾಸ್ಫೇಟು ಏರುತ್ತಾ ಹೋಗುತ್ತವೆ.

ನಾಲ್ಕನೆಯದನ್ನು ಪರದೇಶದ ಮಾರ್ಗದರ್ಶಿಗಳು ಅಷ್ಟಾಗಿ ಎತ್ತುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದೇ ನಿರ್ಣಾಯಕವೆಂದು ನನ್ನ ಅಭಿಪ್ರಾಯ: ಜೂನ್‌ನಿಂದ ಸಪ್ಟೆಂಬರ್‌ವರೆಗೆ ನಿಮ್ಮ ಮನೆಯಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆ? ಇದಕ್ಕೂ ಮರಳಿಗೂ ಏನು ಸಂಬಂಧ ಎಂಬುದನ್ನು ದಪ್ಪದ ವಿಷಯ ಬಂದಾಗ ಹೇಳುತ್ತೇನೆ. ಹಣ, ತೂಕ, ಕಾನೂನು ಈ ಮೂರೂ ಲೆಕ್ಕಕ್ಕೆ ಬರುತ್ತವೆ, ಆಯಾ ಜಾಗದಲ್ಲಿ ಅವುಗಳ ಮಾತು ಬರುತ್ತದೆ.

ಗಾತ್ರಕ್ಕೆ ಅಡುಗೆಮನೆಯ ಅಳತೆ

ಚೀಲದ ಮೇಲಿನ ಮಿಲಿಮೀಟರ್ ಲೆಕ್ಕ ಕಣ್ಣಿಗೆ ಕಟ್ಟುವುದಿಲ್ಲ. ನಾನು ಅಡುಗೆಮನೆಯ ಡಬ್ಬಿಗಳನ್ನೇ ಅಳತೆಗೆ ಇಟ್ಟುಕೊಂಡಿದ್ದೇನೆ. ಅರ್ಧ ಮಿಲಿಮೀಟರ್‌ಗಿಂತ ಸಣ್ಣದು ಚಿರೋಟಿ ರವೆ, ಒಂದರಿಂದ ಎರಡು ಮಿಲಿಮೀಟರ್‌ನದು ಸಾಸಿವೆ, ಮೂರರಿಂದ ಐದು ಮಿಲಿಮೀಟರ್‌ನದು ಕೊತ್ತಂಬರಿ ಕಾಳು.

ಚಿರೋಟಿ ರವೆಯ ಗಾತ್ರದ ಮರಳು ನೋಡಲು ಚೆಂದ, ಮೀನುಗಳಿಗೂ ಮೃದು. ಕೊಳೆ ಅದರೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಆದರೆ ಓಟ ಹೆಚ್ಚಾದರೆ ಹಾರುತ್ತದೆ, ಸೈಫನ್ ಇಟ್ಟರೆ ಕೊಳೆಯೊಡನೆ ತಾನೂ ಬಕೆಟ್ ಸೇರುತ್ತದೆ. ಕೊತ್ತಂಬರಿ ಗಾತ್ರದ್ದು ಎಷ್ಟು ಓಟಕ್ಕೂ ಅಲುಗುವುದಿಲ್ಲ, ಸೈಫನ್ ಕೊಳವೆಯೊಳಗೆ ಕುಣಿದು ಮತ್ತೆ ಕೆಳಗೇ ಬೀಳುತ್ತದೆ, ಆದರೆ ಕೊಳೆಯನ್ನು ಬಾವಿಯ ಹಾಗೆ ನುಂಗುತ್ತದೆ. ನನ್ನ ಮೊದಲ ತೊಟ್ಟಿಗೆ ಇಂಥದ್ದನ್ನೇ ಹಾಕಿದ್ದೆ. ಮೇಲಿನಿಂದ ಬೆಳ್ಳಗೆ, ಚೊಕ್ಕಟವಾಗಿ ಕಾಣುತ್ತಿತ್ತು. ಎರಡು ವರ್ಷದ ಮೇಲೆ ತೊಟ್ಟಿ ಬದಲಿಸುವಾಗ ಒಂದು ಬೊಗಸೆ ಎತ್ತಿ ಬಕೆಟ್ಟಿನ ನೀರಿನಲ್ಲಿ ಅಲುಗಿಸಿದರೆ ನೀರು ಕಾಫಿ ಗಷ್ಟಿನ ಬಣ್ಣಕ್ಕೆ ತಿರುಗಿತು. ಎಷ್ಟು ನೀರು ಬದಲಿಸಿದರೂ ನೈಟ್ರೇಟ್ ಏಕೆ ಇಳಿಯುತ್ತಿರಲಿಲ್ಲ ಎಂಬುದು ಅವತ್ತು ಗೊತ್ತಾಯಿತು.

ಸಾಸಿವೆಯ ಗಾತ್ರದ್ದು ಇವೆರಡರ ನಡುವಿನ ಒಪ್ಪಂದ. ಸಾಧಾರಣ ಓಟಕ್ಕೆ ನಿಲ್ಲುತ್ತದೆ, ಸೈಫನ್‌ಗೆ ಒಗ್ಗುತ್ತದೆ, ವ್ರಾಸ್ ಮೀನು ಹೂತುಕೊಳ್ಳಲೂ ಆಗುತ್ತದೆ. ಸೋಸುವ ಗೋಬಿಗೆ ಮಾತ್ರ ಇನ್ನೂ ಸ್ವಲ್ಪ ಸಣ್ಣದಿದ್ದರೆ ಹಿತ.

ಕಡಲ ಹೊಯ್ಗೆ ಎಂಬ ಆಸೆ

ಕೋಡಿಬಾಗದವರ ಪ್ರಶ್ನೆಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಆಸೆ ಕರಾವಳಿಯ ಪ್ರತಿಯೊಬ್ಬ ಹವ್ಯಾಸಿಗೂ ಒಮ್ಮೆ ಬಂದೇ ಬರುತ್ತದೆ. ಕಡಲಿನ ಮೀನಿಗೆ ಕಡಲಿನ ಮರಳು ಎಂಬ ತರ್ಕ ಸಹಜವಾಗಿಯೇ ಕಾಣುತ್ತದೆ. ಆದರೆ ಹವಳದ ದಿಬ್ಬಗಳ ಸುತ್ತಲಿನ ಬಿಳಿ ಮರಳು ಹವಳ, ಚಿಪ್ಪು, ಸುಣ್ಣ ಕಟ್ಟುವ ಪಾಚಿ ಇವುಗಳ ಪುಡಿ. ನಮ್ಮ ಕಾರವಾರದ ಹೊಯ್ಗೆ ಬಹುಪಾಲು ಸಹ್ಯಾದ್ರಿಯ ಬಂಡೆಗಳು ಸವೆದು, ಕಾಳಿ ಮುಂತಾದ ಹೊಳೆಗಳಲ್ಲಿ ಇಳಿದು ಬಂದ ಬೆಣಚುಕಲ್ಲಿನ ಹರಳು. ಎರಡೂ ಕಡಲ ದಂಡೆಯಲ್ಲೇ ಇದ್ದರೂ ಹುಟ್ಟು ಬೇರೆ.

ಇದನ್ನು ಪರೀಕ್ಷಿಸುವುದು ಸುಲಭ. ಒಂದು ಸ್ಟೀಲ್ ಚಮಚದಲ್ಲಿ ಒಣ ಮರಳು ಇಟ್ಟು ನಾಲ್ಕು ಹನಿ ವಿನೆಗರ್ ಬಿಡಿ, ಕಿವಿಯ ಹತ್ತಿರ ಹಿಡಿಯಿರಿ. ಸುಣ್ಣದ ಜಾತಿಯದಾದರೆ ಸಣ್ಣಗೆ ಚುರುಗುಟ್ಟಿ ಗುಳ್ಳೆ ಏಳುತ್ತದೆ. ನಮ್ಮ ದಂಡೆಯ ಹೊಯ್ಗೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಯ ಚೂರಿನಿಂದ ಮಾತ್ರ ಗುಳ್ಳೆ ಬರುತ್ತದೆ. ಅದು ಚಿಪ್ಪಿನ ಚೂರು. ಉಳಿದ ಹರಳು ವಿನೆಗರ್‌ನಲ್ಲಿ ನೆನೆದು ಸುಮ್ಮನೆ ಕುಳಿತಿರುತ್ತದೆ.

ಬೆಣಚು ಎಂಬುದೇ ದೋಷವಲ್ಲ, ಆ ಮಾತು ಮುಂದೆ ಬರುತ್ತದೆ. ಅಡ್ಡಿ ಇರುವುದು ಬೇರೆ ಕಡೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಆ ವಲಯದೊಳಗೆ ಮರಳು ತೆಗೆಯುವುದನ್ನು ನಿಷೇಧಿಸಿವೆ. 1991ರಲ್ಲಿ ಬಂದ ಈ ನಿಯಮ 2011ರಲ್ಲಿಯೂ 2019ರಲ್ಲಿಯೂ ಪರಿಷ್ಕಾರಗೊಂಡು ಈಗಲೂ ಇದೆ. ಹೊಳೆಯ ಬಾಯಲ್ಲಿ ದೋಣಿಯವರು ತೆಗೆಯುವ ಮರಳು ದಿಬ್ಬದ ವಿಷಯ ಬೇರೆ, ಅದಕ್ಕೆ ಪರವಾನಗಿ ಬೇಕು. ಒಂದು ಚೀಲಕ್ಕೆ ಯಾರು ಕೇಳುತ್ತಾರೆ ಎನ್ನಬಹುದು, ಆದರೆ ಕೇಳದಿದ್ದ ಮಾತ್ರಕ್ಕೆ ತೆಗೆಯಬಹುದೆಂದು ಬರೆಯಲು ನಾನು ಸಿದ್ಧನಿಲ್ಲ. ಇನ್ನು ಬಂದರು, ದೋಣಿಕಟ್ಟೆ, ಚರಂಡಿಗಳ ಆಸುಪಾಸಿನ ಹೊಯ್ಗೆಯಲ್ಲಿ ಎಣ್ಣೆಯೇ ಇದೆಯೋ, ಸಾಬೂನೇ ಇದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಸಮುದ್ರಕ್ಕೆ ಅದು ಲೆಕ್ಕಕ್ಕಿಲ್ಲದಿರಬಹುದು, 180 ಲೀಟರ್ ನೀರಿಗೆ ಹಾಗಲ್ಲ.

ಮಾಜಾಳಿಯ ಬಳಿಯ ತಿಳಮಾತಿಯ ಕಪ್ಪು ಮರಳನ್ನು ನೋಡಿದವರಿಗೆ ಇನ್ನೊಂದು ಆಸೆ. ಕೊಂಕಣಿಯಲ್ಲಿ ತೀಳ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರಿಗೆ ತಕ್ಕಂತೆ ಕರಿಎಳ್ಳು ಹರವಿದ ಹಾಗೆ ಕಾಣುವ ಆ ದಂಡೆಯನ್ನು ಅಲ್ಲಿಯೇ ನೋಡಿ ಬರುವುದು ಒಳ್ಳೆಯದು. ಅಂಗಡಿಯ ಕಪ್ಪು ಮರಳು ತರುವುದಾದರೂ ಒಂದು ಎಚ್ಚರಿಕೆ ಬೇಕು. ಮಕ್ಕಳು ಹೊಯ್ಗೆಯಲ್ಲಿ ಆಯಸ್ಕಾಂತ ಎಳೆದಾಗ ಮೀಸೆ ಮೂಡಿದಂತೆ ಅಂಟಿಕೊಂಡು ಬರುವ ಕರಿಯ ಹರಳು ಕಬ್ಬಿಣಾಂಶದ ಖನಿಜ. ಅಂಥದ್ದು ತೊಟ್ಟಿಯಲ್ಲಿದ್ದರೆ ಗಾಜು ಉಜ್ಜುವ ಆಯಸ್ಕಾಂತದ ಬ್ರಷ್‌ಗೂ ಗಾಜಿಗೂ ನಡುವೆ ಸೇರಿಕೊಂಡು, ಒಂದೇ ಉಜ್ಜಿಗೆ ಉದ್ದನೆಯ ಗೀರು ಎಳೆಯುತ್ತದೆ. ಪಂಪಿನ ಒಳಗೂ ಆಯಸ್ಕಾಂತವಿರುತ್ತದೆ ಎಂಬುದನ್ನು ಮರೆಯಬಾರದು. ಕಪ್ಪು ಮರಳೇ ಬೇಕೆಂದರೆ ಮೊದಲು ಆಯಸ್ಕಾಂತ ಆಡಿಸಿ ನೋಡಿ, ಒಂದು ಹರಳು ಅಂಟಿದರೂ ಬೇಡ.

ಬೆಣಚಿನ ಮರಳು

ಈಜುಕೊಳದ ಮತ್ತು ನೀರಿನ ಫಿಲ್ಟರ್‌ಗಳಿಗೆಂದು ತೊಳೆದು, ಜರಡಿ ಹಿಡಿದು ಮಾರುವ ಸಿಲಿಕಾ ಮರಳು ಇದೇ ಜಾತಿಯದು. ಬೆಲೆಯಲ್ಲಿ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ, ಗಾತ್ರವೂ ಒಂದೇ ಸಮನಾಗಿರುತ್ತದೆ. ಉಪ್ಪುನೀರಿನವರು ಇದನ್ನು ಕಂಡರೆ ಹೆದರುವುದು ಕಂದು ಪಾಚಿಗಾಗಿ. ಡಯಾಟಮ್ ಎಂಬ ಈ ಸೂಕ್ಷ್ಮಜೀವಿಗಳು ತಮ್ಮ ಕವಚಕ್ಕೆ ಸಿಲಿಕಾ ಬಳಸುತ್ತವೆ ಎಂಬುದು ನಿಜ. ಆದರೆ ಬೆಣಚು ನೀರಿನಲ್ಲಿ ಕರಗುವುದು ಬಹಳ ನಿಧಾನ. ಹೊಸ ತೊಟ್ಟಿಗಳಲ್ಲಿ ಮೊದಲ ವಾರಗಳಲ್ಲಿ ಕಂದು ಪಾಚಿ ಅರಗೊನೈಟ್ ಹಾಸಿದಲ್ಲೂ ಬರುತ್ತದೆ, ಬರಿಯ ಗಾಜಿನ ಮೇಲೂ ಬರುತ್ತದೆ. ಅದಕ್ಕೆ ಬೇಕಾದ ಸಿಲಿಕಾ ಹೆಚ್ಚಾಗಿ ಸಿಗುವುದು ನಾವು ಉಪ್ಪು ಕದಡಲು ಬಳಸುವ ಬಾವಿ, ಬೋರ್‌ವೆಲ್ ನೀರಿನಿಂದ, ಏಕೆಂದರೆ ಬಂಡೆಯ ಸಂದಿಯಲ್ಲಿ ಕುಳಿತ ನೀರಿನಲ್ಲಿ ಅದು ಕರಗಿಯೇ ಇರುತ್ತದೆ. ಆರ್‌ಒ ನೀರು ಬಳಸುವ ಶಿರಸಿಯ ಮನೆಯಲ್ಲಿ ಬೆಣಚಿನ ಮರಳು ಹಾಸಿದರೆ, ಬಾವಿ ನೀರಿನಲ್ಲಿ ಅರಗೊನೈಟ್ ಹಾಸಿದವನಿಗಿಂತ ಕಡಿಮೆ ಪಾಚಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಬೆಣಚಿನ ನಿಜವಾದ ಕೊರತೆಯೆಂದರೆ ಗಡಸುತನ. ಮೋಸ್ ಗಡಸುತನದ ಮಾನದಲ್ಲಿ ಬೆಣಚು 7, ಗಾಜು ಸುಮಾರು 5.5, ಅರಗೊನೈಟ್ 3.5ರಿಂದ 4. ಬ್ರಷ್‌ಗೆ ಒಂದು ಬೆಣಚಿನ ಹರಳು ಸಿಕ್ಕಿಕೊಂಡರೆ ಗಾಜಿಗೆ ಗೀರು ಬೀಳುತ್ತದೆ, ಅರಗೊನೈಟ್ ಹರಳು ಸಿಕ್ಕಿಕೊಂಡರೆ ಹರಳೇ ಪುಡಿಯಾಗುತ್ತದೆ. ಅಕ್ರಿಲಿಕ್ ತೊಟ್ಟಿಯವರು ಈ ಕಾರಣಕ್ಕೇ ಬೆಣಚನ್ನು ಕೈಬಿಡಬಹುದು. ಇನ್ನೊಂದು, ಕೊಂಡ ಸಿಲಿಕಾ ಮರಳು ದುಂಡು ಹರಳಿನದೋ, ಕಲ್ಲು ಒಡೆದು ಮಾಡಿದ ಚೂಪು ಹರಳಿನದೋ ಎಂಬುದನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಮನೆ ಕಟ್ಟುವ ಎಂ-ಸ್ಯಾಂಡ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಒಡೆದ ಗ್ರಾನೈಟಿನ ಚೂರು ಮತ್ತು ದೂಳು.

ಅರಗೊನೈಟ್

ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಅರಗೊನೈಟ್ ಎಂದರೆ ಹವಳವೂ ಅನೇಕ ಚಿಪ್ಪುಗಳೂ ತಮ್ಮ ಮನೆ ಕಟ್ಟಿಕೊಳ್ಳುವ ಸುಣ್ಣದ ಹರಳು, ಕ್ಯಾಲ್ಸಿಯಂ ಕಾರ್ಬೊನೇಟ್. ಬಹಾಮಾಸ್‌ನ ತೆಳುನೀರಿನ ಕಡಲಿನಲ್ಲಿ ಪದರ ಪದರವಾಗಿ ಕಟ್ಟಿಕೊಂಡು ದುಂಡಗಾದ ಹರಳು ಊಲೈಟ್ ಎಂಬ ಹೆಸರಿನಲ್ಲಿ ಬರುತ್ತದೆ, ಕ್ಯಾರಿಬ್‌ಸೀ ಮೊದಲಾದ ಕಂಪನಿಗಳ ಚೀಲಗಳಲ್ಲಿ ಬೇರೆ ಬೇರೆ ಗಾತ್ರಗಳೂ ಸಿಗುತ್ತವೆ. ಬಣ್ಣ ಬಿಳಿ, ಅಂಚು ಮೃದು, ಗಾಜಿಗೆ ಗೀರಿನ ಭಯವಿಲ್ಲ.

ಇದರ ಬಗ್ಗೆ ಅಂಗಡಿಯಲ್ಲಿ ಹೇಳುವ ಒಂದು ಮಾತನ್ನು ಮಾತ್ರ ಅರ್ಧ ನಂಬಬೇಕು. ಅರಗೊನೈಟ್ ಹಾಕಿದರೆ ಪಿಎಚ್ (ನೀರಿನ ಆಮ್ಲ, ಕ್ಷಾರಗಳ ಅಳತೆ) ತಾನಾಗಿಯೇ ಸರಿಯಾಗಿರುತ್ತದೆ ಎನ್ನುತ್ತಾರೆ. ಸಮುದ್ರದ ನೀರಿನ ಪಿಎಚ್ 8.1, 8.2ರ ಸುಮಾರಿಗೆ ಇರುವಾಗ ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಈಗಾಗಲೇ ತುಂಬಿ ತುಳುಕುತ್ತಿರುತ್ತದೆ, ಆದ್ದರಿಂದ ಹರಳು ಕರಗುವುದಿಲ್ಲ. ಕರಗಬೇಕಾದರೆ ಪಿಎಚ್ ಚೆನ್ನಾಗಿ ಇಳಿಯಬೇಕು. ದಪ್ಪ ಹಾಸಿನ ಒಳಗೆ ಬ್ಯಾಕ್ಟೀರಿಯಾಗಳು ಬಿಡುವ ಇಂಗಾಲದ ಡೈಆಕ್ಸೈಡಿನಿಂದ ಹಾಗೆ ಇಳಿಯುವುದುಂಟು, ಅಲ್ಲಿ ಅಷ್ಟಿಷ್ಟು ಕರಗುತ್ತದೆ. ಮೇಲಿನ ನೀರಿನ ಕ್ಷಾರೀಯತೆಯನ್ನು ಕಾಯುವ ಕೆಲಸ ನೀರು ಬದಲಿಸುವವರದೇ, ಅಳೆದು ಹಾಕುವವರದೇ. ಹಾಗಾಗಿ ಪಿಎಚ್ ಒಂದನ್ನೇ ನೆಚ್ಚಿ ದುಬಾರಿ ಚೀಲ ಕೊಳ್ಳುವುದಾದರೆ ಆ ಹಣ ಒಳ್ಳೆಯ ಪರೀಕ್ಷಾ ಕಿಟ್‌ಗೆ ಹೋಗಲಿ. ನಾನು ಅರಗೊನೈಟ್ ಮೆಚ್ಚುವುದು ಅದರ ಮೃದುತನಕ್ಕೆ, ಬೇಕಾದ ಗಾತ್ರ ಆರಿಸಿಕೊಳ್ಳಬಹುದು ಎಂಬುದಕ್ಕೆ. ಸುಣ್ಣದ ಮರಳು ಫಾಸ್ಫೇಟನ್ನು ಹೀರಿ ಹಿಡಿದುಕೊಳ್ಳುತ್ತದೆ, ನೀರಿನಲ್ಲಿ ಅದು ಕಡಿಮೆಯಾದಾಗ ಮತ್ತೆ ಬಿಡುತ್ತದೆ ಎಂಬುದನ್ನೂ ಹೇಳಬೇಕು. ಹಳೆಯ ತೊಟ್ಟಿಯ ಮರಳನ್ನು ಪೂರ್ತಿಯಾಗಿ ಅಗ್ಗಕ್ಕೆ ಕೊಳ್ಳುವವರು ಅದರೊಡನೆ ಈ ಸಾಲವನ್ನೂ ಮನೆಗೆ ತರುತ್ತಾರೆ.

ಪುಡಿ ಹವಳ ಎಂಬ ಹೆಸರಿನಲ್ಲಿ ಮಾರುವುದನ್ನು ಎರಡು ಕಾರಣಕ್ಕೆ ಬೇಡವೆನ್ನುತ್ತೇನೆ. ಒಂದು, ಅದು ಬಹುಮಟ್ಟಿಗೆ ಕೊತ್ತಂಬರಿ ಗಾತ್ರದ್ದು. ಎರಡನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಶೆಡ್ಯೂಲಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಿದ್ದಾರೆ. ಸತ್ತು ದಂಡೆಗೆ ಬಿದ್ದ ಹವಳವಾದರೂ ಹೆಕ್ಕಿ ಮಾರುವಂತಿಲ್ಲ. ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ. ಮರಳು ಶುಚಿ ಮಾಡಲು ತೊಟ್ಟಿಗೆ ಕಡಲ ಸೌತೆ ಎಂಬ ಜೀವಿಯನ್ನು ಬಿಡಿ ಎಂದು ಪರದೇಶದ ಪುಸ್ತಕಗಳು ಧಾರಾಳವಾಗಿ ಸಲಹೆ ಕೊಡುತ್ತವೆ. ಅದೂ ಇದೇ ಶೆಡ್ಯೂಲಿನಲ್ಲಿದೆ, ನಮಗೆ ಆ ದಾರಿಯಿಲ್ಲ.

ಬಳಚಿನ ಚಿಪ್ಪು

ಊರಿನಲ್ಲೇ ಸಿಗುವ ಸುಣ್ಣದ ಜಾತಿ ಬೇಕೆಂದರೆ ಅಘನಾಶಿನಿ ಅಳಿವೆಯ ಕಡೆ ಬಳಚು (ಕಪ್ಪೆಚಿಪ್ಪಿನ ಜೀವಿ) ಸುಲಿದು ಬಿಟ್ಟ ಚಿಪ್ಪು ಇದೆ, ಕೋಳಿ ಆಹಾರದ ಅಂಗಡಿಗಳಲ್ಲಿ ಚಿಪ್ಪಿನ ನುಚ್ಚೂ ಸಿಗುತ್ತದೆ. ರಸಾಯನದ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಒಡೆದ ಚಿಪ್ಪು ಚಪ್ಪಟೆ, ಅಂಚು ಚೂಪು. ತಳದಲ್ಲಿ ಹಂಚು ಹೊದಿಸಿದಂತೆ ಒಂದರ ಮೇಲೊಂದು ಕೂತು, ಕೆಳಗೆ ಕೊಳೆಯನ್ನು ಬಚ್ಚಿಟ್ಟುಕೊಳ್ಳುತ್ತದೆ. ಇಡೀ ಹಾಸಿಗೆ ಇದನ್ನೇ ಹಾಕುವುದು ಬೇಡ. ಪಿಸ್ತೂಲು ಸಿಗಡಿ ಸಾಕುವವರು ಸಾಸಿವೆ ಗಾತ್ರದ ಮರಳಿಗೆ ಒಂದೆರಡು ಹಿಡಿ ಬೆರೆಸಿದರೆ ಸುರಂಗದ ಮಾಡು ನಿಲ್ಲುತ್ತದೆ, ಅಷ್ಟಕ್ಕೆ ಇದು ಬಹಳ ಒಳ್ಳೆಯದು. ತಾಜಾ ಚಿಪ್ಪಿನ ಒಳಗಂಟಿದ ಮಾಂಸದ ಎಳೆ ಹೋಗುವವರೆಗೆ ಕುದಿಸಿ, ಉಜ್ಜಿ, ಬಿಸಿಲಿನಲ್ಲಿ ಒಣಗಿಸಬೇಕು. ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಇದೇ ಎಂದುಕೊಂಡು ಯಾರೂ ತೊಟ್ಟಿಗೆ ಹಾಕಬಾರದು, ಪಿಎಚ್ ಒಂದೇ ಸಲಕ್ಕೆ ಏರಿ ಮೀನುಗಳು ಉಳಿಯುವುದಿಲ್ಲ. ಅಮೃತಶಿಲೆಯ ಚೂರನ್ನೂ ಕೆಲವರು ಕೇಳುತ್ತಾರೆ. ಅದು ಕ್ಯಾಲ್ಸೈಟ್, ಅರಗೊನೈಟ್‌ಗಿಂತಲೂ ಕಡಿಮೆ ಕರಗುವುದು, ಮೂಲೆ ಚೂಪಾದುದು. ಅದರಿಂದ ಲಾಭವೇನೂ ಇಲ್ಲ.

ಲೈವ್ ಸ್ಯಾಂಡ್

ಚೀಲದೊಳಗೆ ಒದ್ದೆಯಾಗಿಯೇ ಬರುವ ಈ ಮರಳಿನಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ, ಅವು ಮೀನಿನ ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೇಟಾಗಿ ಬದಲಿಸುವ ಕೆಲಸವನ್ನು ಬೇಗ ಶುರುಮಾಡುತ್ತವೆ ಎಂಬುದು ಮಾರುವವರ ವಾದ. ವಾದ ಸುಳ್ಳಲ್ಲ. ಆದರೆ ಗೋದಾಮಿನಲ್ಲಿ, ಲಾರಿಯಲ್ಲಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಷ್ಟೋ ದಿನ ಕಳೆದು ಬಂದ ಚೀಲದಲ್ಲಿ ಎಷ್ಟು ಜೀವ ಉಳಿದಿದೆ ಎಂಬುದು ಕೊಳ್ಳುವವನಿಗೆ ಕಾಣುವುದಿಲ್ಲ. ಶಿರಸಿಗೆ ತರಿಸುವವರು ಮರಳಿನೊಡನೆ ಅದು ಹೀರಿಕೊಂಡ ನೀರಿನ ತೂಕಕ್ಕೂ ಸಾಗಣೆ ಕೊಡುತ್ತಾರೆ. ಒಣ ಮರಳಿನಿಂದ ಶುರುಮಾಡಿದರೂ ನಾಲ್ಕಾರು ವಾರ ಕಾದರೆ ಅದೇ ಬ್ಯಾಕ್ಟೀರಿಯಾಗಳು ಬಂದು ನೆಲೆಸುತ್ತವೆ, ಅವುಗಳಿಗೆ ಮರಳಿಗಿಂತ ದೊಡ್ಡ ಮನೆ ಕಲ್ಲಿನ ರಂಧ್ರಗಳು. ಊರಿನಲ್ಲಿ ಆರೋಗ್ಯವಾಗಿ ನಡೆಯುತ್ತಿರುವ ತೊಟ್ಟಿಯ ಗೆಳೆಯರಿದ್ದರೆ ಅವರ ಮರಳಿನ ಮೇಲ್ಪದರದಿಂದ ಒಂದು ಬಟ್ಟಲು ತಂದು ನಿಮ್ಮ ಒಣ ಮರಳಿನ ಮೇಲೆ ಉದುರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಷ್ಟೇ ಸಾಕು. ಅವರ ಮೀನುಗಳಲ್ಲಿ ರೋಗವಿಲ್ಲವೆಂಬುದನ್ನು ಕೇಳಿ ತಿಳಿದುಕೊಂಡರೆ ಆಯಿತು.

ದಪ್ಪ ಎಷ್ಟು, ಮತ್ತು ಕರೆಂಟಿನ ಮಾತು

1990ರ ದಶಕದಲ್ಲಿ ದಪ್ಪ ಹಾಸಿನ ಪದ್ಧತಿ ಹವ್ಯಾಸಿಗಳಲ್ಲಿ ಬಹಳ ಹರಡಿತು. ಹತ್ತು ಸೆಂಟಿಮೀಟರ್ ಅಥವಾ ಅದಕ್ಕಿಂತ ದಪ್ಪವಾಗಿ ನುಣ್ಣನೆಯ ಮರಳು ಹಾಸಿದರೆ, ಕೆಳಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕದ ಅನಿಲವಾಗಿ ಬಿಡುತ್ತವೆ. ಕೆಲಸ ಮಾಡಿದಾಗ ಇದು ಬಹಳ ಸುಂದರವಾದ ಏರ್ಪಾಡು. ಆದರೆ ಅದಕ್ಕೆ ಮರಳನ್ನು ಸದಾ ಮೆಲ್ಲಗೆ ಕೆದಕುವ ಹುಳು, ನಸಾರಿಯಸ್ ಬಸವನಹುಳುಗಳಂಥ ಪರಿವಾರ ಬೇಕು. ಮುಟ್ಟದೆ ಬಿಟ್ಟ ಹಳೆಯ ಹಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡಿಕೊಳ್ಳುವುದೂ ಉಂಟು. ಅದಿರುವ ಜಾಗ ಗಾಜಿನ ಬದಿಯಿಂದ ಕರಿಯ ಕಲೆಯಾಗಿ ಕಾಣುತ್ತದೆ, ಅಲ್ಲಿ ಕೈ ಹಾಕಿ ಕದಡಿದರೆ ಕೊಳೆತ ಮೊಟ್ಟೆಯ ವಾಸನೆಯೊಡನೆ ವಿಷವೂ ಹೊರಬರುತ್ತದೆ.

ನಾನು ಹತ್ತೂ ಅಲ್ಲದ, ಮೂರೂ ಅಲ್ಲದ ಎಂಟು ಸೆಂಟಿಮೀಟರ್ ಹಾಸಿದ್ದೆ. ನೈಟ್ರೇಟ್ ಒಡೆಯುವಷ್ಟು ದಪ್ಪವಿಲ್ಲ, ಸೈಫನ್‌ಗೆ ಸಿಗುವಷ್ಟು ತೆಳುವೂ ಅಲ್ಲ. ಒಂದು ಜುಲೈ ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು, ಸಂಜೆ ಹೋದ ಕರೆಂಟು ಮರುದಿನ ಮಧ್ಯಾಹ್ನದವರೆಗೂ ಬರಲಿಲ್ಲ. ಇನ್ವರ್ಟರ್ ನಡುರಾತ್ರಿಗೆ ಕೈಬಿಟ್ಟಿತು. ಬೆಳಗಿನ ಜಾವ ಟಾರ್ಚ್ ಹಿಡಿದು ನೋಡಿದರೆ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಲೋಟದಿಂದ ನೀರು ಎತ್ತಿ ಎತ್ತಿ ಸುರಿದೆ, ಆದರೂ ಎರಡು ಉಳಿಯಲಿಲ್ಲ. ಮೀನುಗಳಷ್ಟೇ ಉಸಿರಾಡುತ್ತವೆ ಎಂದುಕೊಂಡದ್ದು ನನ್ನ ತಪ್ಪು. ಮರಳಿನಲ್ಲಿರುವ ಕೋಟ್ಯಂತರ ಜೀವಿಗಳೂ ಅದೇ ಆಮ್ಲಜನಕದಿಂದಲೇ ಪಾಲು ತೆಗೆದುಕೊಳ್ಳುತ್ತವೆ, ಪಂಪು ನಿಂತಾಗಲೂ ಅವು ನಿಲ್ಲಿಸುವುದಿಲ್ಲ. ಹಾಸು ದಪ್ಪವಾದಷ್ಟೂ, ಕೊಳೆ ಹೆಚ್ಚಾದಷ್ಟೂ ಕರೆಂಟಿಲ್ಲದ ಗಂಟೆಗಳು ಭಾರವಾಗುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿಲ್ಲದೆ ದಪ್ಪ ಹಾಸಿನ ಯೋಚನೆಯನ್ನೇ ಮಾಡಬೇಡಿ.

ಮೂರರಿಂದ ನಾಲ್ಕು ಸೆಂಟಿಮೀಟರ್ ನನ್ನ ಈಗಿನ ಅಳತೆ. ಹೂತುಕೊಳ್ಳುವ ವ್ರಾಸ್ ಇದ್ದರೆ ಒಂದು ಮೂಲೆಯಲ್ಲಿ ಮಾತ್ರ ಐದು, ಆರಕ್ಕೆ ಏರಿಸುತ್ತೇನೆ. ಲೆಕ್ಕ ಹಾಕುವುದು ಹೀಗೆ: ಉದ್ದ, ಅಗಲ, ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಮರಳಿನ ಲೀಟರ್ ಬರುತ್ತದೆ, ಲೀಟರಿಗೆ ಸುಮಾರು ಒಂದೂವರೆ ಕಿಲೋ ಹಿಡಿಯಿರಿ. 90 ಸೆಂಟಿಮೀಟರ್ ಉದ್ದ, 45 ಅಗಲದ ಮೂರಡಿ ತೊಟ್ಟಿಗೆ 3 ಸೆಂಟಿಮೀಟರ್ ದಪ್ಪಕ್ಕೆ 12 ಲೀಟರ್, ಅಂದರೆ ಸುಮಾರು 18 ಕಿಲೋ. ಅದೇ ತೊಟ್ಟಿಗೆ 10 ಸೆಂಟಿಮೀಟರ್ ಹಾಸಿದರೆ 60 ಕಿಲೋ. ಸ್ಟ್ಯಾಂಡಿನ ಮೇಲೆ ಬೀಳುವ ಭಾರವನ್ನೂ ಶಿರಸಿಯವರು ಕೊಡುವ ಸಾಗಣೆಯನ್ನೂ ಈ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಮರಳೇ ಇಲ್ಲದ ತಳವನ್ನೂ ಹಗುರಾಗಿ ತಳ್ಳಿಹಾಕಬಾರದು. ಖರ್ಚಿಲ್ಲ, ಕೊಳೆ ಕಣ್ಣಿಗೆ ಕಾಣುತ್ತದೆ, ವೇವ್‌ಮೇಕರ್ ಎಷ್ಟು ಜೋರಾಗಿಟ್ಟರೂ ಹಾರುವುದೇನೂ ಇಲ್ಲ, ಕರೆಂಟು ಹೋದಾಗ ಆಮ್ಲಜನಕಕ್ಕೆ ಪಾಲುದಾರರು ಕಡಿಮೆ. ಹೊಸ ಮೀನುಗಳನ್ನು ಕೆಲವು ವಾರ ಬೇರೆ ಇಡುವ ತೊಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹೂತು ಮಲಗುವ ಮೀನಿಗೆ ಅಲ್ಲಿ ಜಾಗವಿಲ್ಲ, ಮೊದಲ ತಿಂಗಳುಗಳಲ್ಲಿ ಕೆಳಗಿನ ಗಾಜಿನಲ್ಲಿ ತಮ್ಮದೇ ನೆರಳು ಕಂಡು ಬೆದರುವ ಮೀನುಗಳೂ ಉಂಟು. ನನಗೆ ವೈಯಕ್ತಿಕವಾಗಿ ಹಿಡಿಸದು. ಮರಳಿಲ್ಲದ ತೊಟ್ಟಿ ಸೆಗಣಿ ಸಾರಿಸದ ಅಂಗಳದ ಹಾಗೆ ಕಾಣುತ್ತದೆ, ಆದರೆ ಅದು ಬರಿಯ ಕಣ್ಣಿನ ಮಾತು.

ಯಾರಿಗೆ ಯಾವುದು

ಕೋಡಿಬಾಗದವರು ಎರಡು ಕ್ಲೌನ್ ಮೀನು, ಒಂದು ವ್ರಾಸ್ ಸಾಕುವ ಯೋಚನೆಯಲ್ಲಿದ್ದಾರೆ. ಅವರಿಗೆ ನನ್ನ ಸಲಹೆ ಸಾಸಿವೆ ಗಾತ್ರದ ಒಣ ಅರಗೊನೈಟ್, ನಾಲ್ಕು ಸೆಂಟಿಮೀಟರ್, ವ್ರಾಸ್ ಹೂತುಕೊಳ್ಳುವ ಮೂಲೆಯಲ್ಲಿ ಮಾತ್ರ ಐದಾರು. ವ್ರಾಸ್ ಆಸೆ ಬಿಟ್ಟರೆ ಮೂರು ಸಾಕು, ಆಗ ತೊಳೆದ ಸಿಲಿಕಾ ಮರಳಾದರೂ ನಡೆಯುತ್ತದೆ. ಶಿರಸಿಯವರ ಬಜೆಟ್ ಬಿಗಿ, ತೊಟ್ಟಿ ಗಾಜಿನದು, ಆರ್‌ಒ ಈಗಾಗಲೇ ಇದೆ. ದುಂಡು ಹರಳಿನ ಸಿಲಿಕಾ ಹತ್ತಿರದ ಊರಿನಲ್ಲೇ ಸಿಕ್ಕರೆ ಧೈರ್ಯವಾಗಿ ಹಾಕಲಿ, ಉಳಿದ ಹಣವನ್ನು ಕಲ್ಲಿಗೂ ಬ್ಯಾಟರಿ ಪಂಪಿಗೂ ಕೊಡಲಿ, ಗಾಜು ಉಜ್ಜುವಾಗ ಬ್ರಷ್ಷನ್ನು ಮರಳಿನಿಂದ ಎರಡು ಬೆರಳು ಮೇಲೆ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಲಿ. ಸೋಸುವ ಗೋಬಿ ಬೇಕೆನ್ನುವವರು ಮಾತ್ರ ಇಲ್ಲಿ ಉಳಿತಾಯ ನೋಡಬಾರದು. ಅವರಿಗೆ ರವೆಗಿಂತ ಸ್ವಲ್ಪ ದಪ್ಪನೆಯ, ದುಂಡು ಅಂಚಿನ ಅರಗೊನೈಟೇ ಆಗಬೇಕು, ಓಟವನ್ನೂ ಅದಕ್ಕೆ ತಕ್ಕಂತೆ ತಗ್ಗಿಸಬೇಕು.

ಯಾವ ಒಣ ಮರಳು ತಂದರೂ ತೊಳೆಯುವ ಕೆಲಸ ತಪ್ಪುವುದಿಲ್ಲ. ಒಂದು ಬಕೆಟ್ಟಿಗೆ ಕಾಲು ಭಾಗದಷ್ಟೇ ಮರಳು ಹಾಕಿ, ಪೈಪನ್ನು ತಳದವರೆಗೆ ಇಳಿಸಿ ನೀರು ಬಿಟ್ಟು, ಅಕ್ಕಿ ತೊಳೆದಂತೆ ಕೈಯಿಂದ ತಿರುವಬೇಕು. ಮೊದಲ ನೀರು ಹಾಲಿನ ಹಾಗೆ ಬರುತ್ತದೆ, ಏಳೆಂಟನೆಯದಕ್ಕೆ ಬಕೆಟ್ಟಿನ ತಳ ಕಾಣುತ್ತದೆ. ಇದನ್ನು ಚಿರೆಕಲ್ಲಿನ ಅಂಗಳದಲ್ಲಿ ಮಾಡಿದರೆ ಸಿಡಿಯುವ ಕೆಂಪು ಮಣ್ಣು ಮತ್ತೆ ಮರಳಿಗೇ ಸೇರುತ್ತದೆ, ಬಚ್ಚಲೇ ಮೇಲು. ತೊಟ್ಟಿಯೊಳಗೆ ಕಲ್ಲು ಮೊದಲು ಗಾಜಿನ ಮೇಲೆಯೇ ಭದ್ರವಾಗಿ ಕೂರಬೇಕು, ಮರಳು ಆಮೇಲೆ ಅದರ ಸುತ್ತ. ಮರಳಿನ ಮೇಲೆ ಕಲ್ಲು ಇಟ್ಟರೆ ತೋಡುವ ಮೀನು ಕೆಳಗಿನದನ್ನು ತೆಗೆದು ಕಲ್ಲನ್ನು ಗಾಜಿನ ಮೇಲೆ ಉರುಳಿಸಬಹುದು. ಕೊನೆಯಲ್ಲಿ ಮರಳಿನ ಮೇಲೆ ಊಟದ ತಟ್ಟೆ ಬೋರಲಿಟ್ಟು, ಅದರ ಬೆನ್ನಿನ ಮೇಲೆ ಸಣ್ಣಗೆ ನೀರು ಹೊಯ್ಯಬೇಕು. ಅಷ್ಟು ಮಾಡಿದರೂ ನೀರು ಒಂದೆರಡು ದಿನ ಮಬ್ಬಾಗಿಯೇ ಇರುತ್ತದೆ. ಗಾಬರಿಗೆ ಕಾರಣವಿಲ್ಲ, ಫಿಲ್ಟರಿನ ಬಟ್ಟೆಯನ್ನು ದಿನಕ್ಕೆರಡು ಸಲ ತೊಳೆದು ಹಾಕುತ್ತಿದ್ದರೆ ತಾನಾಗಿ ತಿಳಿಯಾಗುತ್ತದೆ.